ಉಚಿತ ಟಿವಿ ಹಿಂದಿಯಲ್ಲೇ ಯಾಕೆ ಮಾತಾಡುತ್ತೆ?

ವೀಕ್ಷಕರೇ, ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನಿಮ್ಮ ಮನೆ ಟಿವಿಗೆ ತಿಂಗಳಿಗೆ ಎಷ್ಟು ಕಟ್ತೀರಿ? ಇನ್ನೂರೈವತ್ತು? ಮುನ್ನೂರು? ಕೇಬಲ್ ಹುಡುಗ ಬಂದು ಇಸ್ಕೊಂಡು ಹೋಗ್ತಾನೆ, ಇಲ್ಲ ಅಂದ್ರೆ ಫೋನ್‌ನಲ್ಲೇ ರೀಚಾರ್ಜ್ ಮಾಡ್ತೀರಿ, ಅಲ್ಲಿಗೆ ಮರೆತುಬಿಡ್ತೀರಿ. ವರ್ಷಕ್ಕೆ ಕೂಡಿದ್ರೆ ಮೂರು ಸಾವಿರ ದಾಟುತ್ತೆ. ಬೆಂಗಳೂರಿನಲ್ಲಿ ಕೆಲಸ ಮಾಡೋ ಒಂದು ಸಂಸಾರಕ್ಕೆ ಇದು ಒಂದು ಸಂಜೆಯ ಹೋಟೆಲ್ ಬಿಲ್. ಮೂಡಿಗೆರೆ ಕಡೆ ಕಾಫಿ ತೋಟದ ಲೈನ್ ಮನೆಯಲ್ಲಿ ಇರೋರಿಗೆ ಹೆಚ್ಚೂ ಕಮ್ಮಿ ಒಂದು ವಾರದ ಕೂಲಿ.

ಅದೇ ಲೈನ್ ಮನೆಗಳ ಸಾಲಿನಲ್ಲಿ ತಿಂಗಳಿಗೆ ಒಂದು ಪೈಸೆಯನ್ನೂ ಕಟ್ಟದೆ ನೂರಕ್ಕೂ ಹೆಚ್ಚು ಚಾನೆಲ್ ನೋಡೋರು ಇದ್ದಾರೆ. ಕದ್ದು ನೋಡ್ತಿಲ್ಲ ಸ್ವಾಮಿ, ಕಾನೂನುಬದ್ಧವಾಗಿ, ಸರ್ಕಾರದ ಪ್ರಸಾರ ಸಂಸ್ಥೆಯೇ ಕೊಡ್ತಿರೋ ಸೌಲಭ್ಯ ಅದು. ಕಳೆದ ತಿಂಗಳು ಮಳೆ ವರದಿಗೆ ಅಂತ ಕಳಸದ ಕಡೆ ಹೋದಾಗ ನಾನು ಗಮನಿಸಿದ್ದು ಏನಂದ್ರೆ, ಆ ಪುಗಸಟ್ಟೆ ಡಿಶ್ ಇದ್ದ ಮನೆಗಳಲ್ಲಿ ಹೆಚ್ಚಿನವು ಅಸ್ಸಾಂ, ಜಾರ್ಖಂಡ್ ಕಡೆಯಿಂದ ತೋಟದ ಕೆಲಸಕ್ಕೆ ಬಂದವರದು. ಗೋಡೆಯಾಚೆಗಿನ ಕನ್ನಡದ ಮನೆಯವರು ಮಾತ್ರ ರೀಚಾರ್ಜ್ ಮಾಡ್ತಾನೇ ಇದ್ದಾರೆ. ಒಂದೇ ತೋಟ, ಒಂದೇ ಕೂಲಿ, ಒಂದೇ ಆಕಾಶ. ಒಬ್ಬರಿಗೆ ಟಿವಿ ಉಚಿತ, ಇನ್ನೊಬ್ಬರಿಗೆ ದುಡ್ಡು. ಯಾಕೆ ಹೀಗೆ ಅನ್ನೋದನ್ನ ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಟವರ್ ಕಾಲಕ್ಕೆ ಹೋಗೋಣ. ಕರ್ನಾಟಕದ ಹಳ್ಳಿಗಳಿಗೆ ಟಿವಿ ಮೊದಲು ಬಂದದ್ದು 1975ರಲ್ಲಿ, ಅದೂ ಟವರ್‌ನಿಂದ ಅಲ್ಲ, ಆಕಾಶದಿಂದ. ಅಮೆರಿಕದ ನಾಸಾ ಒಂದು ವರ್ಷದ ಮಟ್ಟಿಗೆ ಕೊಟ್ಟ ಎಟಿಎಸ್-6 ಉಪಗ್ರಹದ ಮೂಲಕ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದ ಪ್ರಯೋಗ ಅದು. ಸೈಟ್ ಅಂತ ಹೆಸರು. ನಮ್ಮಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಇದ್ದವು. ಬಯಲುಸೀಮೆಯ ರೈತ ಊರ ಮುಂದೆ ಕೂತು ಟಿವಿ ನೋಡುವಾಗ ಮಲೆನಾಡಿನ ಸಾಹುಕಾರರ ಮನೆಯಲ್ಲೂ ರೇಡಿಯೋ ಮಾತ್ರ ಇತ್ತು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ಕ್ಕೆ. 1984ರಲ್ಲಿ ಕೇಂದ್ರ ಸರ್ಕಾರ ಪಟ್ಟು ಹಿಡಿದು ನಾಲ್ಕು ತಿಂಗಳ ಕಾಲ ದೇಶದಲ್ಲಿ ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್ ಹಾಕಿತು. ಜಿಲ್ಲಾ ಕೇಂದ್ರ, ತಾಲ್ಲೂಕು ಪಟ್ಟಣಗಳಿಗೆ ಕೆಂಪು-ಬಿಳಿ ಬಣ್ಣದ ಆ ಕಂಬಗಳು ಬಂದದ್ದು ಆಗಿನಿಂದ.

ಆದರೆ ಗುಡ್ಡದ ನಾಡಿನಲ್ಲಿ ಟವರ್‌ಗೆ ಒಂದು ಶಾಪ ಇದೆ. ಟಿವಿ ತರಂಗ ಬಹುಮಟ್ಟಿಗೆ ನೇರವಾಗಿ ಹೋಗೋದು, ಬೆಳಕಿನ ಹಾಗೆ. ಎದುರಿಗೆ ಗುಡ್ಡ ಬಂದ್ರೆ ಹಿಂದೆ ನೆರಳು. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಅದರ ಈ ಮಗ್ಗುಲಲ್ಲಿ ಇದ್ದವರಿಗೂ ಆ ಮಗ್ಗುಲಲ್ಲಿ ಇದ್ದವರಿಗೂ ಒಂದೇ ಟವರ್ ಸಾಲೋದಿಲ್ಲ. ಸಣ್ಣ ಶಕ್ತಿಯ ಟ್ರಾನ್ಸ್‌ಮಿಟರ್ ಬಯಲಿನಲ್ಲಿ ಹತ್ತು ಹದಿನೈದು ಕಿಲೋಮೀಟರ್ ಮುಟ್ಟಿದರೆ, ಇಲ್ಲಿ ಎರಡನೇ ತಿರುವಿನಲ್ಲೇ ನಿಂತುಹೋಗುತ್ತೆ. ಅದಕ್ಕೇ ಈ ಕಡೆಯ ಮನೆಗಳಲ್ಲಿ ಅಡಿಕೆ ಮರದ ಉದ್ದ ದಬ್ಬೆಗೋ ಬಿದಿರಿಗೋ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬ ಹೆಂಚಿನ ಮೇಲೆ ಹತ್ತಿ ತಿರುಗಿಸೋದು, ಇನ್ನೊಬ್ಬ ಒಳಗಿಂದ ಕೂಗೋದು. 'ಬಂತಾ?' 'ಇಲ್ಲ, ಇನ್ನೊಂಚೂರು ಆ ಕಡೆ.' ರಾಮಾಯಣ ಶುರುವಾದ 1987ರ ಭಾನುವಾರಗಳಲ್ಲಿ ಸೀತೆ ರಾಮರು ಚುಕ್ಕಿಗಳ ನಡುವೆ ಕಂಡರೂ ಸಾಕಿತ್ತು. ನನ್ನ ವಯಸ್ಸಿನವರಿಗೆ ಇದು ಮನೆಯಲ್ಲಿ ಹಿರಿಯರು ಹೇಳಿದ ಕಥೆ, ಸ್ವಲ್ಪ ಮಾತ್ರ ಕಂಡ ಕಥೆ.

ಹಾಗಂತ ಆ ಚುಕ್ಕಿ ಟಿವಿಯಲ್ಲಿ ಒಂದು ದೊಡ್ಡ ಗುಣ ಇತ್ತು. ಸೆಟ್ ಕೊಂಡರೆ ಮುಗೀತು. 1985ರ ತನಕ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು, ಆ ವರ್ಷ ಅದನ್ನೂ ತೆಗೆದರು. ಆಮೇಲೆ ಯಾರೂ ಬಂದು 'ಈ ತಿಂಗಳು ಬಾಕಿ ಇದೆ' ಅಂತ ಕೇಳುತ್ತಿರಲಿಲ್ಲ.

ಆ ಟವರ್‌ಗಳು ಈಗ ಇಲ್ಲ. ನಿಮ್ಮಲ್ಲಿ ಎಷ್ಟು ಜನ ಗಮನಿಸಿದ್ರೋ ಗೊತ್ತಿಲ್ಲ, ನಮ್ಮ ಸುದ್ದಿ ವಾಹಿನಿಗಳಲ್ಲೂ ಇದು ದೊಡ್ಡ ಸುದ್ದಿಯಾಗಲಿಲ್ಲ. ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನ ಹಂತಹಂತವಾಗಿ ನಿಲ್ಲಿಸ್ತೀವಿ, 2022ರ ಮಾರ್ಚ್ 31ರ ಒಳಗೆ ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದದ್ದೆಲ್ಲ ಬಂದ್ ಅಂತ ಪ್ರಸಾರ ಭಾರತಿ ಹೇಳಿತು, ಹಾಗೇ ಮಾಡಿತು. ಕಾರಣ ಸರಿಯಾಗೇ ಇತ್ತು. ಆಂಟೆನಾದಿಂದ ನೋಡೋರು ತೀರಾ ಕಮ್ಮಿಯಾಗಿದ್ದರು. ಕರೆಂಟ್ ಬಿಲ್, ಸಿಬ್ಬಂದಿ, ಸಿಗದ ಬಿಡಿಭಾಗ, ಇಷ್ಟೆಲ್ಲ ಖರ್ಚು ಮಾಡಿ ಯಾರೂ ನೋಡದ ಸಿಗ್ನಲ್ ಬಿಡೋದು ಯಾರಿಗೆ ಬೇಕು? ಡಿಜಿಟಲ್ ಟವರ್ ಬದಲಿಯಾಗಿ ಬಂದದ್ದು ದೇಶದ ಕೆಲವೇ ದೊಡ್ಡ ನಗರಗಳಿಗೆ. ನಮ್ಮ ರಾಜ್ಯದಲ್ಲಿ 2016ರಲ್ಲಿ ಬೆಂಗಳೂರಿಗೆ ಬಂತು. ಗುಡ್ಡದವರಿಗೆ ಅದು ದೂರದ ಮಾತು.

ಹಾಗಾದ್ರೆ ಉಚಿತ ಟಿವಿ ಸತ್ತೇ ಹೋಯ್ತಾ? ಇಲ್ಲ. ನೆಲದಿಂದ ಎದ್ದು ಆಕಾಶಕ್ಕೆ ಹೋಯ್ತು. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು ಈಗ ಡಿಡಿ ಫ್ರೀ ಡಿಶ್. ಡಿಶ್ಶು, ಬಾಕ್ಸು ಸೇರಿ ಒಂದೂವರೆ ಎರಡು ಸಾವಿರ ಒಂದು ಸಲ ಖರ್ಚು, ಆಮೇಲೆ ತಿಂಗಳ ಬಾಡಿಗೆ ಇಲ್ಲ. ದೇಶದಲ್ಲಿ 4 ಕೋಟಿಗೂ ಹೆಚ್ಚು ಮನೆಗಳಲ್ಲಿ ಇದೆ ಅನ್ನೋದು ಅಂದಾಜು. ಅಂದಾಜೇ ಯಾಕೆ? ಬಾಕ್ಸ್ ಕೊಂಡವರು ಎಲ್ಲೂ ಹೆಸರು ಬರೆಸಬೇಕಿಲ್ಲ, ಹಾಗಾಗಿ ಪಕ್ಕಾ ಲೆಕ್ಕ ಯಾರ ಹತ್ರನೂ ಇಲ್ಲ. ಇನ್ನು ದುಡ್ಡು ಕೊಡೋ ಡಿಟಿಎಚ್? 2020ರ ಸುಮಾರಿಗೆ 7 ಕೋಟಿ ಇದ್ದ ಸಕ್ರಿಯ ಚಂದಾದಾರರು 2024ಕ್ಕೆ 6.2 ಕೋಟಿಯ ಆಸುಪಾಸಿಗೆ ಇಳಿದರು. ಇದು ಟ್ರಾಯ್ ಲೆಕ್ಕ.

ಮಲೆನಾಡಿಗೆ ಇದು ತಾಂತ್ರಿಕವಾಗಿ ವರ. ನನ್ನ ಇಂಜಿನಿಯರಿಂಗ್ ಓದಿನಲ್ಲಿ ಆಂಟೆನಾ ಅಂತ ಒಂದು ಸಬ್ಜೆಕ್ಟ್ ಇತ್ತು, ಪರೀಕ್ಷೆ ಮುಗಿದ ಮೇಲೆ ಅದು ಉಪಯೋಗಕ್ಕೆ ಬರ್ತಿರೋದು ಇವತ್ತೇ, ಹಾಗಾಗಿ ಸ್ವಲ್ಪ ಸಹಿಸ್ಕೊಳ್ಳಿ. ಫ್ರೀ ಡಿಶ್ ಬರೋದು ಜಿಸ್ಯಾಟ್-15 ಉಪಗ್ರಹದಿಂದ. ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ಅದು ನಿಂತಿದೆ. ಚಿಕ್ಕಮಗಳೂರಿನಲ್ಲಿ ನಿಂತು ನೋಡಿದರೆ ಆಗ್ನೇಯ ದಿಕ್ಕಿಗೆ, ದಿಗಂತದಿಂದ ಸುಮಾರು 64 ಡಿಗ್ರಿ ಮೇಲೆ. ಅಂದ್ರೆ ನೆತ್ತಿಯಿಂದ ಸ್ವಲ್ಪ ಕೆಳಗೆ ಅಷ್ಟೇ. ಅಷ್ಟು ಎತ್ತರದಿಂದ ಇಳಿಯೋ ಸಿಗ್ನಲ್‌ಗೆ ಯಾವ ಗುಡ್ಡ ಅಡ್ಡ ಬರುತ್ತೆ? ಟವರ್ ಕಾಣದ ಕಣಿವೆಗೂ ಉಪಗ್ರಹ ಕಾಣುತ್ತೆ. ಇನ್ನೊಂದು ಮಾತು: ಈ ಜಿಸ್ಯಾಟ್-15ನ್ನ ಆಕಾಶದಲ್ಲಿ ಅದರ ಜಾಗದಲ್ಲಿ ಹಿಡಿದು ನಿಲ್ಲಿಸಿರೋದು ಎಲ್ಲಿಂದ ಗೊತ್ತಾ? ಪಕ್ಕದ ಹಾಸನದಿಂದ. ಅಲ್ಲಿನ ಇಸ್ರೋ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ.

ಹಾಸನದಿಂದ ನಡೆಸೋ ಉಪಗ್ರಹ. ಅದರ ಮೇಲೆ ಕನ್ನಡ ಎಷ್ಟಿದೆ? ಚಂದನ ಇದೆ. ಮಕ್ಕಳ ಪಾಠದ ಚಾನೆಲ್‌ಗಳಲ್ಲಿ ಒಂದಿಷ್ಟು ಕನ್ನಡ ಇದೆ. ನೀವು ಸಂಜೆ ಧಾರಾವಾಹಿ ನೋಡೋ ದೊಡ್ಡ ಕನ್ನಡ ವಾಹಿನಿಗಳು? 2024ರಲ್ಲಿ ಇರಲಿಲ್ಲ. ಕನ್ನಡ ಸುದ್ದಿ ವಾಹಿನಿಗಳು? ನಾನು ಕೆಲಸ ಮಾಡೋ ವಾಹಿನಿಯೂ ಸೇರಿ, ಇರಲಿಲ್ಲ. ಕಳಸದ ಹತ್ರ ಒಂದು ತೋಟದಲ್ಲಿ ಒಬ್ಬ ಹೆಣ್ಣುಮಗಳು ನನಗೆ ಹೇಳಿದ್ದು ಹೀಗೆ: 'ನಿಮ್ಮನ್ನ ಫೋನಲ್ಲಿ ನೋಡಿದೀನಿ ಸಾರ್, ಟಿವಿಲಿ ನೋಡಿಲ್ಲ. ನಮ್ಮ ಡಿಶ್ಶಿಗೆ ನೀವು ಬರಲ್ಲ.' ಅವರ ಮನೆಯಲ್ಲಿ ಎರಡು ವರ್ಷ ದುಡ್ಡಿನ ಡಿಶ್ ಇಟ್ಕೊಂಡು, ರೀಚಾರ್ಜ್ ತಪ್ಪಿ ತಪ್ಪಿ, ಕೊನೆಗೆ ಪಕ್ಕದವರನ್ನ ನೋಡಿ ಫ್ರೀ ಡಿಶ್‌ಗೆ ಬದಲಾಯಿಸಿದಾರೆ. ಈಗ ಮಕ್ಕಳು ಹಿಂದಿ ಡಬ್ಬಿಂಗ್ ಸಿನಿಮಾ ನೋಡ್ತವೆ. ರಾತ್ರಿ ಅಜ್ಜಿಗೆ ಅಂತ ಚಂದನದಲ್ಲಿ 'ಥಟ್ ಅಂತ ಹೇಳಿ'. 2002ರಿಂದ ನಡೀತಿರೋ ಆ ಕ್ವಿಜ್ ಇಲ್ಲದಿದ್ರೆ ಆ ಮನೆಯ ಟಿವಿಯಲ್ಲಿ ಕನ್ನಡ ಕೇಳೋ ಹೊತ್ತೇ ಕಮ್ಮಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮ ಚಾನೆಲ್‌ನವರೇ ಹೇಳ್ತೀವಲ್ಲ, 'ನಾವು ಫ್ರೀ ಟು ಏರ್ ಚಾನೆಲ್, ನಮ್ಮನ್ನ ನೋಡೋಕೆ ದುಡ್ಡಿಲ್ಲ' ಅಂತ. ಕನ್ನಡದ ಬಹುತೇಕ ಸುದ್ದಿ ವಾಹಿನಿಗಳು ಈ ಗುಂಪಿನವೇ. ಮಾತು ಸುಳ್ಳಲ್ಲ, ಆದರೆ ಅರ್ಧ. ನಾವು ನಮ್ಮ ಚಾನೆಲ್‌ಗೆ ಬೆಲೆ ಇಟ್ಟಿಲ್ಲ, ನಿಜ. ಅದು ನಿಮ್ಮ ಮನೆ ಸೇರೋಕೆ ಕೇಬಲ್ ಬೇಕು, ಇಲ್ಲ ಖಾಸಗಿ ಡಿಟಿಎಚ್ ಬೇಕು. ಅವರಿಗೆ ಮೊದಲು ಸಂಪರ್ಕದ ಶುಲ್ಕ ಕಟ್ಟಬೇಕು. 2019ರ ಫೆಬ್ರುವರಿಯಿಂದ ಟ್ರಾಯ್ ತಂದ ಹೊಸ ವ್ಯವಸ್ಥೆಯಲ್ಲಿ ಅದಕ್ಕೆ 130 ರೂಪಾಯಿ ಮಿತಿ ಇತ್ತು, ತೆರಿಗೆ ಸೇರಿದ್ರೆ 153 ರೂಪಾಯಿ 40 ಪೈಸೆ. ಒಂದೂ ಪೇ ಚಾನೆಲ್ ಹಾಕಿಸ್ಕೊಳ್ಳದೆ ಬರೀ ಉಚಿತ ಚಾನೆಲ್ ನೋಡ್ತೀನಿ ಅಂದ್ರೂ ಈ ಶುಲ್ಕ ಕಟ್ಟಲೇಬೇಕಿತ್ತು. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿಯನ್ನೂ ತೆಗೆದುಹಾಕಿತು. ಸಂಪರ್ಕದ ಶುಲ್ಕ ಎಷ್ಟು ಅನ್ನೋದು ಇನ್ನು ಮೇಲೆ ಕಂಪನಿಗಳಿಗೇ ಬಿಟ್ಟದ್ದು. ಇದರ ಮೇಲೆ ಪೇ ಚಾನೆಲ್. ಪ್ಯಾಕ್‌ನಲ್ಲಿ ಸೇರಿಸೋ ಚಾನೆಲ್‌ಗೆ ಬಿಡಿ ಬೆಲೆ 19 ರೂಪಾಯಿ ದಾಟಬಾರದು ಅಂತ ಮಿತಿ ಇದೆ, ಮುಂಚೂಣಿಯ ವಾಹಿನಿಗಳು ಸಹಜವಾಗೇ ಆ ಮಿತಿಗೆ ಹತ್ತಿರ ಬಂದು ನಿಲ್ತವೆ.

ಅಂದ್ರೆ ಬಸ್ ಸ್ಟ್ಯಾಂಡಿನಲ್ಲಿ ನೀರು ಉಚಿತ, ಆದರೆ ಬಸ್ ಸ್ಟ್ಯಾಂಡ್ ಒಳಗೆ ಬರೋಕೆ ಟಿಕೆಟ್ ಅಂದ ಹಾಗೆ. ಬೆಲೆ ಇಲ್ಲದ ಚಾನೆಲ್ ಬೇರೆ, ದುಡ್ಡಿಲ್ಲದೆ ನೋಡಬಹುದಾದ ಚಾನೆಲ್ ಬೇರೆ. ಫ್ರೀ ಡಿಶ್ ಎರಡನೆಯದು. ಕನ್ನಡ ಸುದ್ದಿ ಮೊದಲನೆಯದು.

ಇದರಿಂದ ಏನು ವ್ಯತ್ಯಾಸ ಅಂತ ಕೇಳಿದ್ರೆ 2024ರ ಜೂನ್ 29ರ ರಾತ್ರಿಯನ್ನ ನೆನಪು ಮಾಡ್ಕೊಳ್ಳಿ. ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್, ಭಾರತ ದಕ್ಷಿಣ ಆಫ್ರಿಕಾವನ್ನ 7 ರನ್‌ನಿಂದ ಸೋಲಿಸಿತು. ಫ್ರೀ ಡಿಶ್ ಇದ್ದವರು ಡಿಡಿ ಸ್ಪೋರ್ಟ್ಸ್‌ನಲ್ಲಿ ಪುಕ್ಕಟೆ ನೋಡಿದರು. ದುಡ್ಡು ಕಟ್ಟೋ ಡಿಶ್ ಇದ್ದು, ಸ್ಪೋರ್ಟ್ಸ್ ಪ್ಯಾಕ್ ಇಲ್ಲದವರು ಡಿಡಿ ಸ್ಪೋರ್ಟ್ಸ್ ಹಾಕಿದ್ರೆ? ಪಂದ್ಯ ಇಲ್ಲ! ದುಡ್ಡು ಕೊಟ್ಟವನಿಗೆ ಇಲ್ಲ, ಕೊಡದವನಿಗೆ ಇದೆ. ಇದೇನು ನ್ಯಾಯ ಅಂತ ಅನ್ನಿಸಬಹುದು, ಅದರ ಹಿಂದೆ ಕಾನೂನಿದೆ. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನ ಖಾಸಗಿಯವರು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು ಅನ್ನೋದು 2007ರ ಕಾಯ್ದೆ. ಆ ಹಂಚಿಕೊಂಡ ಸಿಗ್ನಲ್ಲು ದೂರದರ್ಶನದ ಟವರ್‌ನಲ್ಲಿ ಮತ್ತು ಅದರದೇ ಡಿಶ್‌ನಲ್ಲಿ ಮಾತ್ರ ಹೋಗಬೇಕು, ಕೇಬಲ್ಲು ಖಾಸಗಿ ಡಿಟಿಎಚ್‌ಗೆ ಹೋಗಬಾರದು ಅಂತ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಗ ಟವರ್ ಇದ್ದವು. ಐದು ವರ್ಷದಲ್ಲಿ ಟವರ್ ಹೋದವು. ಉಳಿದದ್ದು ಡಿಶ್ ಒಂದೇ. ಕೋರ್ಟ್ ಎರಡು ಬಾಗಿಲು ತೆರೆದಿಟ್ಟಿತ್ತು, ಒಂದನ್ನ ಖರ್ಚಿನ ಲೆಕ್ಕದಲ್ಲಿ ಮುಚ್ಚಿದ್ದಾಯ್ತು. ಮೊಬೈಲ್‌ನಲ್ಲಿ ಆ ಪಂದ್ಯ ಉಚಿತ ಇತ್ತಲ್ಲ ಅಂತ ನೀವು ಹೇಳಬಹುದು. ಇತ್ತು, ನಿಜ. ಕಳಸದ ಒಳಗಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಬಂಡೆ ಹತ್ತಿ ನಿಲ್ಲೋರನ್ನ ಕೇಳಿ ನೋಡಿ.

ಸರಿ, ಫ್ರೀ ಡಿಶ್‌ಗೆ ಕನ್ನಡ ವಾಹಿನಿಗಳು ಯಾಕೆ ಬರಲಿಲ್ಲ? ಅಲ್ಲಿ ಜಾಗ ಹಂಚೋದು ಹರಾಜಿನಿಂದ. 2011ರಿಂದ ಪ್ರಸಾರ ಭಾರತಿ ಆನ್‌ಲೈನ್ ಹರಾಜು ನಡೆಸ್ತಿದೆ, ಗೆದ್ದವರು ವರ್ಷಕ್ಕೆ ಕೋಟಿಗಟ್ಟಲೆ ಕೊಟ್ಟು ಜಾಗ ಹಿಡೀತಾರೆ. ವೀಕ್ಷಕ ಕೊಡಲ್ಲ, ವಾಹಿನಿ ಕೊಡುತ್ತೆ, ವಾಹಿನಿಗೆ ಜಾಹೀರಾತುದಾರ ಕೊಡ್ತಾನೆ. ಹಿಂದಿಗೆ ಈ ಲೆಕ್ಕ ಭರ್ಜರಿಯಾಗಿ ಕೂರುತ್ತೆ. ಬಿಹಾರ, ಉತ್ತರ ಪ್ರದೇಶದ ಕೋಟ್ಯಂತರ ಮನೆಗಳಿಗೆ ಸೋಪು, ಎಣ್ಣೆ ಮಾರಬೇಕು ಅಂದ್ರೆ ಫ್ರೀ ಡಿಶ್ ಬಿಟ್ಟು ದಾರಿ ಇಲ್ಲ. ದಂಗಲ್ ಅನ್ನೋ ಚಾನೆಲ್ ಈ ದಾರಿಯಲ್ಲೇ ಬೆಳೆದು ದೇಶದ ರೇಟಿಂಗ್ ಪಟ್ಟಿಯ ತುದಿಗೆ ಹೋಗಿ ಕೂತಿತು. ಸ್ಟಾರ್, ಝೀ, ಸೋನಿ, ವಯಾಕಾಮ್ ಈ ನಾಲ್ಕು ದೊಡ್ಡ ಸಂಸ್ಥೆಗಳು ತಮ್ಮ ಉಚಿತ ಹಿಂದಿ ಚಾನೆಲ್‌ಗಳನ್ನ 2022ರ ಏಪ್ರಿಲ್‌ನಲ್ಲಿ ಫ್ರೀ ಡಿಶ್‌ನಿಂದ ಎಳ್ಕೊಂಡವು. ಇಲ್ಲಿ ಪುಕ್ಕಟೆ ಸಿಕ್ಕರೆ ಅಲ್ಲಿ ದುಡ್ಡು ಕಟ್ಟೋರು ಯಾಕೆ ಕಟ್ತಾರೆ ಅನ್ನೋ ಭಯ. ಆ ಭಯ ಸುಳ್ಳಲ್ಲ ಅನ್ನೋದಕ್ಕೆ ಮೇಲೆ ಹೇಳಿದ ಡಿಟಿಎಚ್ ಲೆಕ್ಕ ನೋಡಿ. ಹಾಗಂತ ಹಿಂದಿ ವೀಕ್ಷಕನಿಗೆ ಜಾಗ ಖಾಲಿ ಬೀಳಲಿಲ್ಲ, ಬೇರೆಯವರು ಬಂದು ತುಂಬಿದರು.

ಕನ್ನಡದಲ್ಲಿ ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನೋ ಕಥೆ. ದಕ್ಷಿಣದಲ್ಲಿ ಕೇಬಲ್ ಮೊದಲಿಂದ ಗಟ್ಟಿ. ಜನಕ್ಕೆ ದುಡ್ಡು ಕೊಟ್ಟು ನೋಡೋ ಅಭ್ಯಾಸ ಇದೆ, ವಾಹಿನಿಗಳಿಗೆ ಚಂದಾ ಹಣದ ಆದಾಯ ಇದೆ. ಅದನ್ನ ಬಿಟ್ಟು ಫ್ರೀ ಡಿಶ್‌ಗೆ ಕೋಟಿ ಕೊಟ್ಟು ಹೋದರೆ ಅಲ್ಲಿ ಕನ್ನಡದ ಮನೆಗಳೇ ಕಮ್ಮಿ. ಕನ್ನಡದ ಮನೆಗಳು ಯಾಕೆ ಕಮ್ಮಿ? ಅಲ್ಲಿ ಕನ್ನಡ ಚಾನೆಲ್ ಕಮ್ಮಿ, ಅದಕ್ಕೆ. ಮೇಲಾಗಿ 2024ರ ಜುಲೈನ ಆದೇಶದಲ್ಲಿ ಟ್ರಾಯ್ ಇನ್ನೊಂದು ಗಂಟು ಹಾಕಿದೆ: ಫ್ರೀ ಡಿಶ್‌ನಲ್ಲಿ ಉಚಿತವಾಗಿ ಬರೋ ಚಾನೆಲ್ಲು ಕೇಬಲ್, ಖಾಸಗಿ ಡಿಟಿಎಚ್‌ನಲ್ಲೂ ಉಚಿತವೇ ಆಗಿರಬೇಕು. ನಿಯಮ ನ್ಯಾಯವೇ. ಆದರೆ ಚಂದಾ ಹಣ ತಿನ್ನೋ ಮನರಂಜನಾ ವಾಹಿನಿ ಇನ್ನು ಆ ಕಡೆ ತಲೆ ಹಾಕಿಯೂ ಮಲಗಲ್ಲ.

ನಮ್ಮ ಸುದ್ದಿ ವಾಹಿನಿಗಳಿಗೆ ಆ ನೆಪ ಇಲ್ಲ. ನಮಗೆ ಚಂದಾ ಆದಾಯವೇ ಇಲ್ಲದಿರುವಾಗ ಕಳ್ಕೊಳ್ಳೋದು ಏನು? ನಾನು ಸಂಬಳ ತಗೊಳ್ಳೋ ಮನೆಯ ಬಗ್ಗೆಯೂ ಸೇರಿಸಿ ಹೇಳ್ತಿದ್ದೀನಿ. ನಿಜವಾದ ಉತ್ತರ ಏನಂದ್ರೆ, ಕೇಬಲ್‌ನವರಿಗೆ ನಮ್ಮನ್ನ ಹೊತ್ತೊಯ್ಯೋಕೆ ಅಂತ ಈಗಾಗಲೇ ದುಡ್ಡು ಕೊಡ್ತಿದ್ದೀವಿ, ಅದರ ಮೇಲೆ ಇನ್ನೊಂದು ಕಡೆ ಕೋಟಿ ಸುರಿಯೋಕೆ ಯಾರಿಗೂ ಧೈರ್ಯ ಇಲ್ಲ. 2024ರಲ್ಲಿ ರೇಟಿಂಗ್ ಅಳೆಯೋ ಮೀಟರ್ ಇದ್ದದ್ದು ಇಡೀ ದೇಶದಲ್ಲಿ 55 ಸಾವಿರದ ಆಸುಪಾಸಿನ ಮನೆಗಳಲ್ಲಿ. ಕಳಸದ ಲೈನ್ ಮನೆಯ ಆ ಹೆಣ್ಣುಮಗಳು ನಮ್ಮನ್ನ ನೋಡಿದರೂ ನೋಡದಿದ್ದರೂ ಗುರುವಾರದ ರೇಟಿಂಗ್‌ನಲ್ಲಿ ಒಂದು ಚುಕ್ಕಿಯೂ ಅಲ್ಲಾಡಲ್ಲ.

ಇದಕ್ಕೇ ನಾನು ಹೇಳೋದು, ಇದನ್ನ ಬರೀ ಮಾರುಕಟ್ಟೆಗೆ ಬಿಟ್ಟರೆ ಆಗಲ್ಲ. 1993ರ ಹೀರೋ ಕಪ್ ಕ್ರಿಕೆಟ್ ಪ್ರಸಾರದ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1995ರ ಫೆಬ್ರುವರಿ 9ರಂದು ತೀರ್ಪು ಬಂತು. ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ, ಸರ್ಕಾರದ ಸ್ವತ್ತೂ ಅಲ್ಲ, ಖಾಸಗಿಯವರ ಸ್ವತ್ತೂ ಅಲ್ಲ ಅನ್ನೋದು ಅದರ ತಿರುಳು. ಆ ತೀರ್ಪಿನ ಬಲದಿಂದಲೇ ಖಾಸಗಿ ಟಿವಿ ಬೆಳೆದು, ನಾನು ನಿಮ್ಮ ಮುಂದೆ ಕೂತು ಮಾತಾಡ್ತಿರೋದು. ಸಾರ್ವಜನಿಕ ಆಸ್ತಿ ಅಂದ ಮೇಲೆ, ಅದನ್ನ ಹೆಚ್ಚು ದುಡ್ಡು ಕೂಗಿದ ಭಾಷೆಗೆ ಮಾತ್ರ ಕೊಡೋದು ಎಷ್ಟು ಸರಿ? ಪ್ರಾದೇಶಿಕ ಭಾಷೆಗೆ ಮೂಲ ಬೆಲೆ ಕಡಿಮೆ ಇಟ್ಟಿದ್ದೀವಿ ಅಂತ ಪ್ರಸಾರ ಭಾರತಿ ಹೇಳುತ್ತೆ. ಇಟ್ಟಿದೆ, ಒಪ್ಪೋಣ. 2024ರಲ್ಲಿ ಅದರಿಂದ ಕನ್ನಡ ಬಂದಿರಲಿಲ್ಲ ಅನ್ನೋದೂ ಅಷ್ಟೇ ನಿಜ. ನನ್ನ ಅಭಿಪ್ರಾಯದಲ್ಲಿ ಪ್ರತಿ ರಾಜ್ಯ ಭಾಷೆಗೆ ಕನಿಷ್ಠ ಒಂದು ಸುದ್ದಿ, ಒಂದು ಮನರಂಜನೆ ಅಂತ ಜಾಗ ಮೀಸಲಿಟ್ಟು, ಆ ಭಾಷೆಯ ಮಾರುಕಟ್ಟೆ ತಡೆಯುವಷ್ಟು ಬೆಲೆಗೆ ಕೊಡಬೇಕು. ಹರಾಜಿನಿಂದ ಪ್ರಸಾರ ಭಾರತಿಗೆ ವರ್ಷಕ್ಕೆ ನೂರಾರು ಕೋಟಿ ಬರ್ತಿದೆ, ಅದರಲ್ಲಿ ಇದೊಂದು ದೊಡ್ಡ ನಷ್ಟವೇ ಅಲ್ಲ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ 2,539 ಕೋಟಿಯ ಬಿಂಡ್ ಯೋಜನೆ ಒಪ್ಪಿತು, ದೂರದ, ಬುಡಕಟ್ಟು, ಗಡಿ ಪ್ರದೇಶದ ಮನೆಗಳಿಗೆ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಬಾಕ್ಸ್ ಉಚಿತವಾಗಿ ಕೊಡೋದು ಅದರಲ್ಲಿ ಇತ್ತು. ಬಾಕ್ಸ್ ಕೊಡೋದು ಸುಲಭ. ಬಾಕ್ಸಿನೊಳಗೆ ಯಾವ ಭಾಷೆ?

ಭಾಷೆಯ ಜೊತೆಗೆ ಇನ್ನೂ ಒಂದು ನಷ್ಟ ಆಗಿದೆ, ಅದರ ಬಗ್ಗೆ ಯಾರೂ ಮಾತಾಡಲ್ಲ. ಟವರ್ ಅನ್ನೋದು ಒಂದು ಊರಿನದು. ಚಿಕ್ಕಮಗಳೂರಿನ ಸುತ್ತ ಇದ್ದವರಿಗೆ ಮಾತ್ರ ಒಂದು ಮಾತು ಹೇಳಬೇಕು ಅಂದ್ರೆ ಅದರಲ್ಲಿ ಹೇಳೋಕೆ ಸಾಧ್ಯ ಇತ್ತು. ಹೇಳಿದರಾ? ಅಪರೂಪ. ದಾರಿಯಂತೂ ಇತ್ತು. ಉಪಗ್ರಹದ ಬೆಳಕು ಕಾಶ್ಮೀರದಿಂದ ಕನ್ಯಾಕುಮಾರಿ ತನಕ ಒಂದೇ ಸಲ ಬೀಳುತ್ತೆ, ಅದಕ್ಕೆ ಕಳಸ ಅಂತ ಒಂದು ಊರಿದೆ ಅನ್ನೋದೇ ಗೊತ್ತಿಲ್ಲ. ಭದ್ರಾ ನದಿ ಉಕ್ಕಿ ಹೆಬ್ಬಾಳೆ ಸೇತುವೆ ಮೇಲೆ ನೀರು ಹರಿದ್ರೆ ಹೊರನಾಡಿಗೆ ಹೋಗೋ ದಾರಿ ನಿಂತುಹೋಗುತ್ತೆ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಮಂಗಳೂರಿನ ಆಸ್ಪತ್ರೆಗೆ ಹೊರಟವರು ಅರ್ಧ ದಾರಿಯಲ್ಲಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳೇ ಕುಸಿದು ಮನೆ ತೋಟ ಕೊಚ್ಚಿಹೋದವು. ಅಂಥ ಹೊತ್ತಲ್ಲಿ ಮೊದಲು ಹೋಗೋದು ಕರೆಂಟು, ಆಮೇಲೆ ಡೀಸೆಲ್ ಮುಗಿದು ಮೊಬೈಲ್ ಟವರ್, ಮರ ಬಿದ್ದು ಕೇಬಲ್. ಕೇಬಲ್‌ನಲ್ಲಿ ಬರೋ ಊರಿನ ಲೋಕಲ್ ಚಾನೆಲ್ ಅಷ್ಟರಮಟ್ಟಿಗೆ ಒಳ್ಳೇ ಕೆಲಸ ಮಾಡುತ್ತೆ, ವೈರ್ ಇರೋ ತನಕ.

ಇಲ್ಲೇ ನೆಲದ ಮೇಲಿನ ಪ್ರಸಾರದ ಬೆಲೆ ಗೊತ್ತಾಗೋದು. ಹೊರನಾಡಿನ ಉದಾಹರಣೆಯನ್ನೇ ತಗೊಳ್ಳಿ. ದೇವಸ್ಥಾನದ ಗಂಟೆ ಹೊಡೆದರೆ ಹತ್ತು ಜನ ಕೇಳಿದರೂ ಸಾವಿರ ಜನ ಕೇಳಿದರೂ ಹೊಡೆಯೋನ ಕೈಗೆ ಒಂದೇ ಶ್ರಮ. ಅನ್ನಪೂರ್ಣೇಶ್ವರಿಯ ಪಂಕ್ತಿಯ ಊಟ ಹಾಗಲ್ಲ, ಪ್ರತಿ ಎಲೆಗೂ ಬೇರೆ ಬಡಿಸಬೇಕು, ಜನ ಹೆಚ್ಚಾದಷ್ಟೂ ಬಡಿಸೋರು ಹೆಚ್ಚು ಬೇಕು. ಪ್ರಸಾರ ಗಂಟೆ, ಇಂಟರ್ನೆಟ್ಟು ಪಂಕ್ತಿ. ಎಲ್ಲರೂ ಒಟ್ಟಿಗೆ ನೋಡಬೇಕಾದ ಹೊತ್ತಿಗೆ, ಅಂದ್ರೆ ಪ್ರವಾಹದ ಹೊತ್ತಿಗೆ, ಪಂಕ್ತಿಯಲ್ಲಿ ನೂಕುನುಗ್ಗಲು.

ಹೊರದೇಶದವರೂ ಇದೇ ಲೆಕ್ಕದಲ್ಲಿ ತಲೆ ಕೆಡಿಸ್ಕೊಂಡಿದ್ದಾರೆ. ನಮ್ಮ ಹಾಗೇ ಗುಡ್ಡಗಳ ನಾಡಾದ ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಟಿವಿ 2019ರ ಜೂನ್‌ನಲ್ಲಿ ಟವರ್ ಪ್ರಸಾರ ನಿಲ್ಲಿಸಿತು. ಅಲ್ಲಿ ಮನೆಮನೆಗೂ ಕೇಬಲ್, ಇಂಟರ್ನೆಟ್ ಇದೆ, ಹೆಚ್ಚಿನವರಿಗೆ ತಟ್ಟಲಿಲ್ಲ. ಬ್ರಿಟನ್ ಹಾಗೆ ಮಾಡಿಲ್ಲ. ಅಲ್ಲಿನ ಆಂಟೆನಾ ಟಿವಿ ಕನಿಷ್ಠ 2034ರ ತನಕ ಇರುತ್ತೆ ಅನ್ನೋ ಭರವಸೆ ಇದೆ, ಆಮೇಲೆ ಏನು ಅನ್ನೋ ಬಗ್ಗೆ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್ಕಾಮ್ 2024ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಹತ್ತು ವರ್ಷ ಮೊದಲೇ ಚರ್ಚೆ. ನಾವು ಚರ್ಚೆ ಮಾಡದೇ ಮುಗಿಸಿದೆವು.

ನಮ್ಮಲ್ಲಿ ಈಗ ಹೊಸ ಮಾತು ಡೈರೆಕ್ಟ್ ಟು ಮೊಬೈಲ್. ಸಿಮ್ಮು, ಡೇಟಾ ಏನೂ ಬೇಡ, ಟವರ್‌ನಿಂದ ನೇರ ಫೋನಿಗೆ ಟಿವಿ, ಎಫ್‌ಎಂ ರೇಡಿಯೋ ಬಂದ ಹಾಗೆ. ಇದಕ್ಕೆ ಬೇಕಾದ ಚಿಪ್ ಮಾಡಿರೋದು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್, ಜೊತೆಗೆ ಐಐಟಿ ಕಾನ್ಪುರ. ಬೆಂಗಳೂರಿನಲ್ಲೂ ಪ್ರಯೋಗ ನಡೆದಿದೆ, 19 ನಗರಗಳಿಗೆ ವಿಸ್ತರಿಸ್ತೀವಿ ಅಂತ ವಾರ್ತಾ ಇಲಾಖೆಯ ಕಾರ್ಯದರ್ಶಿ 2024ರ ಜನವರಿಯಲ್ಲಿ ಹೇಳಿದರು. ಮೊಬೈಲ್ ಕಂಪನಿಗಳು ವಿರೋಧಿಸ್ತಿವೆ, ವಿಡಿಯೋ ಡೇಟಾ ಮಾರೋದೇ ಅವರ ಹೊಟ್ಟೆಪಾಡು. 2024ರಲ್ಲಿ ಆ ಚಿಪ್ ಇರೋ ಫೋನ್ ಜನರ ಕೈಗೆ ಬಂದಿರಲಿಲ್ಲ. ನನಗೆ ಈ ತಂತ್ರಜ್ಞಾನದ ಮೇಲೆ ಆಸೆ ಇದೆ, ಒಂದು ಅನುಮಾನವೂ ಇದೆ. 19 ನಗರಗಳಿಂದ ಶುರುಮಾಡಿದ್ದು ಮೂಡಿಗೆರೆಗೆ ಯಾವಾಗ ಬರುತ್ತೆ? ನಗರದಲ್ಲಿ ಇದರ ಅಗತ್ಯವೇ ಕಮ್ಮಿ, ಅಲ್ಲಿ ನೆಟ್ ಇದೆ. ಬೇಕಾಗಿರೋದು ನೆಟ್ ಇಲ್ಲದ ಕಣಿವೆಗೆ, ಅಲ್ಲಿ ಟವರ್ ನಿಲ್ಲಿಸೋ ಖರ್ಚು ಹೆಚ್ಚು, ಜನ ಕಮ್ಮಿ. 1984ರಲ್ಲಿ ದಿನಕ್ಕೊಂದು ಟ್ರಾನ್ಸ್‌ಮಿಟರ್ ಹಾಕಿದಾಗ ಆ ಲೆಕ್ಕ ಯಾರೂ ಕೇಳಿರಲಿಲ್ಲ. ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದಂಥ ಗುಡ್ಡ ಜರಿಯೋ ಜಿಲ್ಲೆಗಳಲ್ಲಿ ಮೊದಲ ಪ್ರಯೋಗ ಮಾಡಿ ಅಂತ ನಮ್ಮ ಸಂಸದರು ಕೇಳಬೇಕು. ನಿಮ್ಮ ಸಂಸದರು ಊರಿಗೆ ಬಂದಾಗ ನೀವು ಕೇಳಿ.

ಕೊನೆಗೆ, ಈ ಕಾರ್ಯಕ್ರಮಕ್ಕೆ ಮಲೆನಾಡಿನಿಂದ ತುಂಬಾ ಜನ ಕೇಳೋ ಪ್ರಶ್ನೆಗೆ ಉತ್ತರ: ಮಳೆ ಜೋರಾದ್ರೆ ಡಿಶ್ ಯಾಕೆ ನಿಲ್ಲುತ್ತೆ, ಏನು ಮಾಡಬೇಕು? ಡಿಶ್‌ಗೆ ಬರೋ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಮಳೆಹನಿ ದೊಡ್ಡದಾದಷ್ಟೂ ಅದು ಆ ತರಂಗವನ್ನ ನುಂಗುತ್ತೆ. ಹಳೇ ಟವರ್ ತರಂಗ ಅದಕ್ಕಿಂತ ಎಷ್ಟೋ ಪಟ್ಟು ಉದ್ದ, ಮಳೆ ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಸೋನೆ ಮಳೆಗೆ ಡಿಶ್ ತಡ್ಕೊಳ್ಳುತ್ತೆ, ಧೋ ಅಂತ ಸುರಿದಾಗ ಹತ್ತು ಹದಿನೈದು ನಿಮಿಷ ಹೋಗುತ್ತೆ, ಮಳೆ ಸಣ್ಣಗಾದ್ರೆ ತಾನೇ ಬರುತ್ತೆ. ಎದ್ದು ಹೋಗಿ ತಿರುಗಿಸಬೇಡಿ, ತಿರುಗಿಸಿದ್ರೆ ಮಳೆ ನಿಂತ ಮೇಲೂ ಬರಲ್ಲ. 60 ಸೆಂಟಿಮೀಟರ್ ಡಿಶ್ ಬದಲು 90 ಸೆಂಟಿಮೀಟರಿನದು ಹಾಕಿಸಿದ್ರೆ ಎರಡು ಪಟ್ಟಿಗಿಂತ ಹೆಚ್ಚು ಸಿಗ್ನಲ್ ಹಿಡಿಯುತ್ತೆ, ಅಷ್ಟು ಮಳೆ ಹೆಚ್ಚು ತಡೆಯುತ್ತೆ. ಗುಡ್ಡ ಅಡ್ಡ ಬರಲ್ಲ ಅಂದೆನಲ್ಲ, ಮನೆ ಪಕ್ಕದ ಸಿಲ್ವರ್ ಓಕ್ ಬರುತ್ತೆ. ಒದ್ದೆ ಎಲೆ ಮಳೆಗಿಂತ ಕೆಟ್ಟದ್ದು. ಮುಂದಿನ ಸಲ ಮರಗಸಿ ಮಾಡಿಸುವಾಗ ಡಿಶ್‌ನಿಂದ ಆಗ್ನೇಯಕ್ಕೆ, ತಲೆ ಎತ್ತಿ ನೋಡಿ, ಆ ಕಡೆಯ ಕೊಂಬೆಗಳನ್ನ ಮೊದಲು ಇಳಿಸಿ.